ಚಾಚಾನ ನಿದ್ದೆಗೆ ಸಂಜೆ ಬೆಳಕು

ಜೀವಶಾಸ್ತ್ರ ಕಲಿಸುವವರ ಮನೆ ಬಾಗಿಲಿಗೆ ಬಾರದ ಕಾಯಿಲೆ ಇಲ್ಲ. ನಾನು ಪಾಠ ಮಾಡುವುದು ಹರಿಹರದ ಕಾಲೇಜಿನಲ್ಲಿ. ದಾವಣಗೆರೆಗೆ ಬಂದು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಯಾರಾದರೊಬ್ಬರು ನಾಲಿಗೆ ಹೊರಹಾಕಿ ನಿಂತಿರುತ್ತಾರೆ. ನಾನು ಡಾಕ್ಟರಲ್ಲ ಎಂದರೆ, "ಅದಕ್ಕೇ ಬಂದಿದ್ದು, ನೀವು ಸೂಜಿ ಚುಚ್ಚಲ್ವಲ್ಲ" ಎನ್ನುತ್ತಾರೆ.

ಖರ್ಜೂರ

ಒಂದು ಸಂಜೆ ಪಕ್ಕದ ಮನೆಯ ಚಾಚಿ ಬಂದರು. ಅವರ ಯಜಮಾನರು, ನಮ್ಮೆಲ್ಲರ ಚಾಚಾ, ನಲವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿದವರು. ಬೆಳಗಿನ ಜಾವ ಎರಡಕ್ಕೆ ಏಳುವುದು, ಸಂಜೆ ಏಳಕ್ಕೆ ಮಲಗುವುದು. ಈಗ ಭಟ್ಟಿ ಮಗನಿಗೆ ಬಿಟ್ಟುಕೊಟ್ಟಿದ್ದರೂ ನಿದ್ದೆ ಮಾತ್ರ ಹಳೇ ಡ್ಯೂಟಿಯಲ್ಲೇ ಇತ್ತು.

"ಮದುವೆ ಆದಾಗಿಂದ ಒಂದಿನ ರಾತ್ರಿ ಇವರ ಜೊತೆ ಕುಂತು ನೆಟ್ಟಗೆ ಉಂಡಿಲ್ರಿ ಮೇಡಂ. ಅದೊಂದು ಆಸೆ ಐತೆ."

"ರಂಜಾನ್‌ನಲ್ಲಿ?"

"ಖರ್ಜೂರ ಬಾಯಾಗಿಟ್ಕಂಡೇ ನಿದ್ದೆ ಹೋಗ್ತಾರ್ರಿ. ಬೀಜ ನಾನೇ ತೆಗೀಬೇಕು."

ಪರಿಚಯದ ಬೆಳಕು

ಚಾಚಾನನ್ನು ಕೂರಿಸಿಕೊಂಡು ತಿಳಿಸಿದೆ. ಮಿದುಳಿನಲ್ಲೊಂದು ಪುಟ್ಟ ಗಡಿಯಾರವಿದೆ. ಕಣ್ಣಿಗೆ ಬೆಳಕು ಬಿದ್ದರೆ ನರದ ತುದಿಯಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಟು, ಇನ್ನೂ ಹಗಲಿದೆ ಎಂದು ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿನ ಜೀವಕೋಶಗಳು ಬೇರೆ ರಾಸಾಯನಿಕಗಳಲ್ಲಿ ತಮ್ಮತಮ್ಮೊಳಗೆ ಮಾತಾಡಿಕೊಂಡು ಎಲ್ಲವೂ ಒಂದೇ ಹೊತ್ತು ತೋರಿಸುತ್ತವೆ. ದಿನಾ ಸಂಜೆ ಬೆಳಕು ನೋಡಿದರೆ ನಿದ್ದೆ ನಿಧಾನಕ್ಕೆ ಮುಂದಕ್ಕೆ ಹೋಗುತ್ತದೆ.

"ಅಂದ್ರ ಒಳಗೊಬ್ಬ ಪೋಸ್ಟ್‌ಮ್ಯಾನ್ ಅದಾನೆ" ಎಂದು ಚಾಚಾ ತಲೆದೂಗಿದರು.

ಮೂರು ದಿನ ಬಿಟ್ಟು ಚಾಚಿ ಸಿಡಿಮಿಡಿಯಾಗಿ ಬಂದರು. ಬೆಳಕು ನೋಡಲೆಂದು ಚಾಚಾ ಹೋಗಿ ಕೂತದ್ದು ಭಟ್ಟಿಯ ಬೆಂಕಿ ಮುಂದೆ! ನಲವತ್ತು ವರ್ಷದ ಪರಿಚಯ ನೋಡಿ. ಆ ಕಾವಿಗೆ ಆರೂವರೆಗೇ ಗೊರಕೆ. ಮಗ ಮಂಡಕ್ಕಿ ಚೀಲಗಳ ನಡುವೆ ಗಾಡಿಯಲ್ಲಿ ಹಾಕಿಕೊಂಡು ಬಂದು ಮನೆಗೆ ಡೆಲಿವರಿ ಕೊಟ್ಟಿದ್ದ.

ಮಾಳಿಗೆ

"ಬೆಂಕಿ ಅಲ್ಲ ಚಾಚಾ, ಆಕಾಶ ನೋಡ್ರಿ" ಎಂದೆ. ಅಂದಿನಿಂದ ದಿನಾ ಐದಕ್ಕೆ ಮಾಳಿಗೆ ಹತ್ತಿ ಪಡುವಣಕ್ಕೆ ಮುಖ ಮಾಡಿ ಕೂತರು. ಹಬ್ಬಕ್ಕೆ ಪಡುವಣದಲ್ಲಿ ಚಾಂದ್, ಅಂದರೆ ಎಳೆ ಚಂದ್ರ, ಕಾಣಲೆಂದು ಕಾಯುವ ಓಣಿ ನಮ್ಮದು. ಹಿರಿಯರೊಬ್ಬರು ಪಡುವಣ ನೋಡುತ್ತ ಕೂತರೆ ಉಳಿದವರು ಸುಮ್ಮನಿದ್ದಾರೆಯೇ? ಮೊದಲ ದಿನ ಇಬ್ಬರು, ನಾಲ್ಕನೇ ದಿನಕ್ಕೆ ಒಂಬತ್ತು ಜನ ಪಕ್ಕದಲ್ಲಿ ನಿಂತು ಕಣ್ಣು ಕಿರಿದು ಮಾಡಿದರು. ಹುಣ್ಣಿಮೆ ಕಳೆದು ಎರಡೇ ದಿನ, ಆ ಕಡೆ ಚಂದ್ರ ಇರುವ ಮಾತೇ ಇಲ್ಲ. ಆದರೂ ನಮ್ಮ ಓಣಿಯ ದರ್ಜಿ, "ನಂಗೆ ಕಂಡ್ತು!" ಎಂದರು.

ನಾಲ್ಕನೇ ವರ್ಷ

ಕೆಲವು ವಾರಗಳಲ್ಲಿ ಚಾಚಾನ ನಿದ್ದೆ ಏಳರಿಂದ ಎಂಟಕ್ಕೆ, ಎಂಟರಿಂದ ಒಂಬತ್ತೂವರೆಗೆ ಸರಿಯಿತು. ಹಾಗೆ ಸರಿದ ಮೊದಲ ರಾತ್ರಿ ನಮ್ಮ ಕಿಟಕಿಯಿಂದ ಅವರ ಮನೆಯತ್ತ ನೋಡಿದೆ, ತಪ್ಪೆಂದು ಗೊತ್ತಿದ್ದೂ ನೋಡಿದೆ. ಒಂದೇ ಚಾಪೆ, ಎರಡು ತಟ್ಟೆ. ಚಾಚಾ ತಮ್ಮ ತಟ್ಟೆಯ ಒಳ್ಳೇ ತುಂಡನ್ನು ಹುಡುಕಿ ಚಾಚಿಯ ತಟ್ಟೆಗೆ ಹಾಕಿದರು. ನನಗೆ ಕಣ್ಣು ತುಂಬಿತು.

ಬೆಳಿಗ್ಗೆ ಚಾಚಿ ಆಕಳಿಸುತ್ತ ಬಂದರು. "ಒಂಬತ್ತೂವರೆ ದಾಟಿ ಹತ್ತೂವರೆ ತನಕ ಮಾತು ಮೇಡಂ! ನಲವತ್ತು ವರ್ಷ ಊಟದಾಗ ಹೇಳಬೇಕಿದ್ದದ್ದನ್ನೆಲ್ಲ ಮದುವೆ ದಿನದಿಂದ ಶುರು ಹಚ್ಯಾರ. ಇನ್ನೂ ಮೂರನೇ ವರ್ಷಕ್ಕೆ ಬಂದಾರೆ!"

ಪಾಪ ಎನಿಸಿತು. "ಗಡಿಯಾರ ಮತ್ತೆ ಮೊದಲಿನಂಗೆ ಮಾಡೋಣವಾ?" ಎಂದೆ.

ಆಕಳಿಕೆ ಅರ್ಧಕ್ಕೇ ನಿಂತಿತು. "ಏ, ಬ್ಯಾಡ್ರಿ! ಇವತ್ತು ನಾಲ್ಕನೇ ವರ್ಷ. ನಾನು ಮುನಿಸ್ಕಂಡು ಮಾಯಕೊಂಡಕ್ಕೆ ತವರಿಗೆ ಹೋಗಿದ್ದು ಆವಾಗ್ಲೇ. ಇವರು ಆಗ ಅತ್ತಿದ್ರೋ ಇಲ್ಲೋ, ನಂಗೆ ಗೊತ್ತಾಗ್ಬೇಕು!"