ನೆತ್ತಿಯ ಮೇಲಿನ ದೀಪ

ಜ್ಞಾನೇಶ ಆ ಕೆಲಸ ಒಪ್ಪಿಕೊಳ್ಳಲೇಬಾರದಿತ್ತು.

ಅವನು ಲೈಟಿಂಗ್ ಡಿಸೈನರ್. ಶಿವಮೊಗ್ಗದ ಅಂಗಡಿ, ಆಸ್ಪತ್ರೆಗಳಲ್ಲಿ ಯಾವ ದೀಪ ಎಲ್ಲಿರಬೇಕು, ಬೆಳಕು ಎತ್ತಲಿಂದ ಬೀಳಬೇಕು ಎಂದು ಲೆಕ್ಕ ಹಾಕಿ ಹೇಳುವವನು. ಭದ್ರಾವತಿಯ ಜನ್ನಾಪುರದಲ್ಲಿ, ಅವನದೇ ಬೀದಿಯಲ್ಲಿ ಮಾತ್ರ, ಎಲ್ಲರಿಗೂ 'ಬಲ್ಬ್ ಹಾಕೋ ಹುಡುಗ'. ಪಕ್ಕದ ಮನೆಯ ಶಾಂಭವಿ ಎಂದರೆ ಅವನಿಗೆ ಪ್ರಾಣ. ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ, ಪಾಪ.

ಅವತ್ತು ಬೆಳಿಗ್ಗೆ ಶಾಂಭವಿಯ ಅಪ್ಪ ಚಂದ್ರಶೇಖರಪ್ಪನವರೇ ಬಂದರು. "ಸಂಜೆ ಹೊಳೆಹೊನ್ನೂರಿಂದ ಗಂಡಿನ ಕಡೆಯವರು ಬರ್ತಿದ್ದಾರೆ ಕಣಪ್ಪ. ನಮ್ಮ ಹಾಲ್‌ನಲ್ಲಿ ಮಗಳ ಮುಖ ಬಾಡಿದ ಹಾಗೆ ಕಾಣುತ್ತೆ. ಏನಾದ್ರೂ ಮಾಡು ಮಾರಾಯ."

ಜ್ಞಾನೇಶ ಮಾಡಿದ. ದೀಪ ನೆತ್ತಿಯ ನೇರಕ್ಕಿದ್ದರೆ ಕಣ್ಣಿನ ಕೆಳಗೆ ನೆರಳು ಬಿದ್ದು ಎಂಥ ಮುಖವೂ ಜ್ವರದಿಂದ ಎದ್ದಂತೆ ಕಾಣುತ್ತದೆ. ಗೋಡೆಗೆ ಬಿದ್ದು ಮರಳಿ ಬರುವ ಬೆಳಕಾದರೆ ಅದೇ ಮುಖ ಅರಳುತ್ತದೆ. ಶಾಂಭವಿಗೆಂದು ಇಟ್ಟಿದ್ದ ಕುರ್ಚಿಯ ನೆತ್ತಿಗೆ ಅವನು ಬೇಕೆಂದೇ ಕಟುವಾದ ದೀಪ ಕೂರಿಸಿದ. ಗಂಡಿನ ಸೋಫಾಕ್ಕೆ ಗೋಡೆಯ ಹಿತವಾದ ಬೆಳಕು. ಗಂಡು ಬೇಡವೆಂದು ಎದ್ದು ಹೋದರೆ ಸಾಕು, ನಾಳೆಯೇ ಬಾಯಿ ಬಿಡುತ್ತೇನೆ ಎಂದುಕೊಂಡ. ಮಾಡುತ್ತಿರುವುದು ಹಲ್ಕಾ ಕೆಲಸ ಎಂದು ಅವನಿಗೂ ಗೊತ್ತಿತ್ತು.

ಸಂಜೆ ಎದುರುಮನೆಯ ಈಶ್ವರಮ್ಮ ಬಂದು ಹಾಲ್ ನೋಡಿ ಸೊಂಟಕ್ಕೆ ಕೈ ಕೊಟ್ಟರು. "ಹುಡುಗಿ ಪೂರ್ವಕ್ಕೆ ಮುಖ ಮಾಡಿ ಕೂರ್ಬೇಕು. ಕುರ್ಚಿ ಈ ಕಡೆ ತನ್ನಿ, ಸೋಫಾ ಆ ಕಡೆ ಹೋಗ್ಲಿ."

"ಬೇಡ ಈಶ್ವರಮ್ಮ, ಲೈಟಿಂಗ್ ಲೆಕ್ಕ ತಪ್ಪುತ್ತೆ."

"ನಿನ್ನ ಬಲ್ಬಿಗೋಸ್ಕರ ದಿಕ್ಕು ಬದಲಾಗುತ್ತೇನೋ? ಹಿಡಿ ಈ ಕಡೆ."

ಸೋಫಾದ ಒಂದು ತುದಿಯನ್ನು ಜ್ಞಾನೇಶನೇ ಹೊತ್ತ.

ಗಂಡು ವಿಜಯಕುಮಾರ ಗುಂಡಗೆ, ಲವಲವಿಕೆಯಿಂದ ಒಳಗೆ ಬಂದ. ಮನೆಯ ತೋಟದ ಕೆಲಸಕ್ಕೆ ಆಳುಗಳಿದ್ದರು, ಇವನು ಮಧ್ಯಾಹ್ನದ ನಿದ್ದೆ ಮುಗಿಸಿ ನೇರ ಕಾರು ಹತ್ತಿದ್ದ. ಈಗ ಕಟು ದೀಪದ ಕೆಳಗೆ ಬಂದಿದ್ದ ಸೋಫಾದಲ್ಲಿ ಕೂತದ್ದೇ ತಡ, ಗಲ್ಲ ಒಳಗೆ ಹೋಯಿತು, ಕಣ್ಣು ಗುಳಿಬಿತ್ತು. ಎದುರಿಗೆ, ಗೋಡೆಯ ಬೆಳಕಿನಲ್ಲಿ, ಶಾಂಭವಿ ಆಗತಾನೇ ಬಿಡಿಸಿದ ಮಲ್ಲಿಗೆಯಂತೆ ಕೂತಿದ್ದಳು. ಗಂಡಿನ ಕಡೆಯವರು ಅಲ್ಲೇ ಒಪ್ಪಿಬಿಟ್ಟರು. ಆದರೇನು, ಈ ಮುಖವನ್ನು ಹುಡುಗಿ ಒಪ್ಪಬೇಕಲ್ಲ? ಜ್ಞಾನೇಶ ಧೈರ್ಯವಾಗಿ ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಂಡ.

ಅಷ್ಟರಲ್ಲಿ ಅಡುಗೆಮನೆಯಿಂದ ಶಾಂಭವಿ ಅಪ್ಪನಿಗೆ ಹೇಳುವುದು ಕೇಳಿಸಿತು. "ಒಪ್ಪಿಗೆ ಅಪ್ಪ. ಹೋದ ಸಲ ಬಂದವನು ಬರೀ ಶೋಕಿ. ಇವರ ಮುಖ ನೋಡಿ, ಎಷ್ಟು ದಣಿದಿದ್ದಾರೆ. ದುಡಿಯೋ ಮನುಷ್ಯ. ಚೆನ್ನಾಗಿ ನೋಡ್ಕೊಳ್ತೀನಿ ಅನ್ನಿಸ್ತು."

ಅದು ದಣಿವಲ್ಲ, ದೀಪದ ಕಾರುಬಾರು ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ಆ ದೀಪವನ್ನು ಮೊದಲು ಯಾರ ನೆತ್ತಿಗೆ ಹಾಕಿದ್ದೆ ಎಂದು ಕೇಳುತ್ತಿದ್ದರು. ಜ್ಞಾನೇಶ ಬಾಯಲ್ಲಿದ್ದ ಕೇಸರಿಬಾತ್ ನುಂಗಿದ.

ಚಂದ್ರಶೇಖರಪ್ಪ ಹೊರಗೆ ಬಂದು ಅವನ ಭುಜ ತಟ್ಟಿದರು. "ಎಲ್ಲ ನಿನ್ನಿಂದ ಆಯ್ತು ಕಣಪ್ಪ. ಛತ್ರದ ಲೈಟಿಂಗೂ ನೀನೇ ನೋಡ್ಕೋಬೇಕು."

ಜ್ಞಾನೇಶ ಹೂಂ ಎಂದ. ಅವಳನ್ನು ಕೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಬೆಳಿಗ್ಗೆ ಅವನು ಸ್ಟೂಲ್ ಹತ್ತಿ ಆ ದೀಪ ಕೂರಿಸುವಾಗ, ಬೀಳದ ಹಾಗೆ ಸ್ಟೂಲ್ ಹಿಡಿದುಕೊಂಡು ಕೆಳಗೆ ನಿಂತಿದ್ದವಳು ಶಾಂಭವಿಯೇ.