ಮಡಿ ಸಾರಿಗೆ ಎತ್ತರದ ಟೈರು

ಶುಚಿತ್ವವನ್ನು ಕಾಪಾಡಿಕೊಳ್ಳಲು ಸ್ನಾನ, ಸಂಧ್ಯೆ, ಒಗೆದುಟ್ಟ ಪಂಚೆ ಇಷ್ಟಿದ್ದರೆ ಸಾಕೆಂದು ನಾನು ಬಹುಕಾಲ ನಂಬಿದ್ದೆ. ಅದಕ್ಕೆ ಟೈರೂ ಬೇಕೆಂಬುದನ್ನು ಭಗವಂತನು ನನಗೆ ಎಪ್ಪತ್ತು ದಾಟಿದ ಮೇಲೆ ತೋರಿಸಿಕೊಟ್ಟ.

ನನ್ನ ಹೆಂಡತಿಯ ತಮ್ಮ ಶೇಷಾದ್ರಿ ಕಗ್ಗದಾಸಪುರದ ನಮ್ಮ ಮನೆಯಲ್ಲೇ ಮಡಿಯಲ್ಲಿ ಅಡುಗೆ ಮಾಡಿ, ಮುಂಜಿಗೆ, ಶ್ರಾದ್ಧಕ್ಕೆ ತನ್ನ ಪುಟ್ಟ ಟ್ರಕ್ಕಿನಲ್ಲಿ ಒಯ್ದು ಬಡಿಸುವವನು. ಈ ಮಳೆಗಾಲದ ಆರಂಭದಲ್ಲಿ ಮಹದೇವಪುರದ ತಿರುವೊಂದರಲ್ಲಿ ಚರಂಡಿಯ ನೀರು ಟ್ರಕ್ಕಿನ ಹಲಗೆಯ ಮೇಲೇರಿ ಪಾತ್ರೆಗಳ ತಳವನ್ನು ಮುಟ್ಟಿತು. ಆ ಅಡುಗೆ ಶ್ರಾದ್ಧಕ್ಕೆ ಸಲ್ಲದೆಂದು ನಿರ್ಣಯ ಹೇಳಿದವನು ನಾನೇ. ಊಟಕ್ಕೆ ಬಂದಿದ್ದ ವೈದಿಕರು ಹಾಲು, ಬಾಳೆಹಣ್ಣು ಸ್ವೀಕರಿಸಿ ಎದ್ದರು. ಇನ್ನೊಮ್ಮೆ ಹೀಗಾದರೆ ತನ್ನನ್ನು ಯಾರೂ ಕರೆಯುವುದಿಲ್ಲವೆಂದು ಶೇಷಾದ್ರಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅದೇ ಮಹದೇವಪುರದ ಅಪಾರ್ಟ್‌ಮೆಂಟೊಂದರಲ್ಲಿ ಅವನು ಮುಂಜಿಯೊಂದನ್ನು ಒಪ್ಪಿಕೊಂಡಿದ್ದ. ಮಳೆಯಂತೂ ನಿಲ್ಲುವ ಲಕ್ಷಣವಿರಲಿಲ್ಲ. ದೊಡ್ಡ ಗಾಲಿಗಳನ್ನು ಹಾಕಿಸುವುದೆಂದು ನಿಶ್ಚಯವಾಯಿತು. ಅಳತೆಯ ವಿಷಯದಲ್ಲಿ ನನಗೆ ಯಜ್ಞಕುಂಡದ ಇಟ್ಟಿಗೆಗಳ ಅಭ್ಯಾಸವಿದೆಯಾದ್ದರಿಂದ ನಾನೂ ಹೊರಟೆ.

ಶಿವಾಜಿನಗರದ ಅಂಗಡಿಯ ಸಾಹೇಬರು ಸೌಜನ್ಯದವರು. ಮೊದಲು ಕಪ್ಪು ಚಕ್ರಗಳನ್ನು ತೋರಿಸಿದರು. ಶುಭಕಾರ್ಯಕ್ಕೆ ಹೋಗುವ ವಾಹನಕ್ಕೆ ಕಪ್ಪು ಬೇಡವೆಂದೆ. ಬೆಳ್ಳಿಯ ಬಣ್ಣದವು ಬಂದವು; ಅವುಗಳಿಗೆ ಐದೇ ಅರಗಳು. ಎಂಟಿದ್ದರೆ ಲಕ್ಷಣವೆಂದೆ. ಅವರು ಪಕ್ಕದಂಗಡಿಯಿಂದ ಎಂಟು ಅರಗಳವನ್ನು ತರಿಸಿಕೊಟ್ಟರು. ಟೈರಿನ ಎತ್ತರದ ಮಾತು ಬಂದಾಗ ಮಾತ್ರ ನಮ್ಮಲ್ಲಿ ಭಿನ್ನಾಭಿಪ್ರಾಯ ಉಂಟಾಯಿತು.

“ಒಂದ್ ಸೈಜ್ ಮೇಲಕ್ಕೆ ಹೋದ್ರೆ ಸಾಕು ಸಾಮಿ. ಜಾಸ್ತಿ ಹಾಕಿದ್ರೆ ಮಡ್‌ಗಾರ್ಡ್‌ಗೆ ಉಜ್ತದೆ, ಬಾಡಿನೂ ಎತ್ತಬೇಕಾಗ್ತದೆ.”

ಹಾಗಾದರೆ ಎತ್ತಿರಿ ಎಂದೆ. ಸಾಹೇಬರು ಹೇಳಿದ್ದನ್ನೇ ತೆಗೆದುಕೊಳ್ಳೋಣವೆಂದು ಶೇಷಾದ್ರಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಚರಂಡಿಯ ನೀರು ಸಾಹೇಬರನ್ನು ಕೇಳಿ ಏರುವುದಿಲ್ಲವೆಂದು ನಾನು ಅವನ ಬಾಯಿ ಮುಚ್ಚಿಸಿದೆ.

ಮುಂಜಿಯ ದಿನ ಬೆಳಿಗ್ಗೆ ನನ್ನ ಆಯ್ಕೆಯ ಬಗ್ಗೆ ನನಗೇ ಗೌರವ ಮೂಡಿತು. ನಮ್ಮ ಮನೆಯದು ಹಳೆಯ ಎತ್ತರದ ಜಗಲಿ. ಟ್ರಕ್ಕಿನ ಹಲಗೆ ಅದಕ್ಕೆ ಸರಿಸಮನಾಗಿ ನಿಂತಿತು. ಪಾತ್ರೆಗಳನ್ನು ಎತ್ತುವ ಪ್ರಮೇಯವೇ ಬರಲಿಲ್ಲ; ಸುಮ್ಮನೆ ಸರಿಸಿದೆವು. ಮಡಿಯಲ್ಲಿದ್ದ ನಾನು ಸಾರಿನ ಕೊಪ್ಪರಿಗೆಯ ಪಕ್ಕದಲ್ಲೇ ಕುಳಿತೆ. ಶೇಷಾದ್ರಿ ಗಾಡಿ ಓಡಿಸಿದ. ಮಹದೇವಪುರದಲ್ಲಿ ಕಾರುಗಳೆಲ್ಲ ನೀರಿನಲ್ಲಿ ಕೆಟ್ಟು ನಿಂತಿದ್ದಾಗ ನಾವು ದಾಟಿಹೋದೆವು. ಒಂದು ಹನಿಯೂ ಮೇಲೇರಲಿಲ್ಲ. ನಾನು ವಿಷ್ಣುಸಹಸ್ರನಾಮವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಂಡೆ.

ಅಪಾರ್ಟ್‌ಮೆಂಟಿನಲ್ಲಿ ಜಗಲಿ ಇರಲಿಲ್ಲ.

ಕೆಳಗೆ ನಿಂತ ಶೇಷಾದ್ರಿಯ ಎದೆಯ ಮಟ್ಟಕ್ಕೆ ಹಲಗೆ, ಅದರ ಮೇಲೆ ಕುದಿದ ಸಾರಿನ ಕೊಪ್ಪರಿಗೆ. ಮಡಿಯಲ್ಲಿದ್ದವರು ನಾವಿಬ್ಬರೇ, ಇಬ್ಬರೂ ಮುದುಕರು. ಕೈಜೋಡಿಸಲು ಬಂದ ಸೆಕ್ಯೂರಿಟಿಯವನನ್ನೂ ನೆಂಟರನ್ನೂ ಮುಟ್ಟಬಾರದೆಂದು ನಾನು ದೂರ ನಿಲ್ಲಿಸಿದೆ. ಅಷ್ಟರಲ್ಲಿ, ತಾಯಿಯೂ ವಟುವೂ ಮಾತೃಭೋಜನಕ್ಕೆ ಎಲೆಯ ಮುಂದೆ ಕುಳಿತಾಗಿದೆ, ಮುಹೂರ್ತ ಮೀರುತ್ತಿದೆ ಎಂದು ಮೇಲಿನಿಂದ ಹೇಳಿಕಳುಹಿಸಿದರು.

“ಭಾವ, ನೀವು ಹೂಂ ಅಂದ್ರೆ ಇಳಿಸ್ತಾರೆ,” ಎಂದ ಶೇಷಾದ್ರಿ. “ಇಲ್ಲಾಂದ್ರೆ ಇವತ್ತಿಗೆ ನನ್ನ ಒಲೆ ಆರಿತು ಅಂದ್ಕೊಳ್ಳಿ.”

ನಾನು ಶಾಸ್ತ್ರವನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದೆ. ರೇಷ್ಮೆಗೆ ಮೈಲಿಗೆಯಿಲ್ಲವೆಂಬುದು ನೆನಪಾಯಿತು. ವಟುವಿನ ಸೋದರಮಾವಂದಿರಿಬ್ಬರು ರೇಷ್ಮೆ ಪಂಚೆಯಲ್ಲಿ ನಿಂತಿದ್ದರು, ಅವರು ಹಿಡಿಯಬಹುದೆಂದೆ. ಅವರಲ್ಲಿ ಕಿರಿಯವನು ಪ್ರಾಮಾಣಿಕ.

“ಇದು ಪ್ಯೂರ್ ಸಿಲ್ಕ್ ಅಲ್ಲ ಅನ್ಸುತ್ತೆ, ಮಾಮ.”

“ನನಗೆ ಕಿವಿ ಸ್ವಲ್ಪ ಮಂದ, ಹಿಡಿ,” ಎಂದೆ.

ಸಾರು ಇಳಿದು, ಲಿಫ್ಟನ್ನೇರಿ, ಸಕಾಲಕ್ಕೆ ಎಲೆಯನ್ನು ಸೇರಿತು. ಶೇಷಾದ್ರಿ, ನೆಂಟರು ಎಲ್ಲರೂ ಅದರ ಹಿಂದೆಯೇ ಓಡಿದರು. ನೆಲ ಎಷ್ಟು ಕೆಳಗಿದೆಯೆಂಬುದು ಹಲಗೆಯ ಮೇಲೇ ಉಳಿದ ನನಗೆ ತಿಳಿದದ್ದು ಆಗಲೇ. ಕಾಲನ್ನು ಇಳಿಬಿಟ್ಟು ನೋಡಿದೆ, ಮತ್ತೆ ಮೇಲೆಳೆದುಕೊಂಡೆ. ಮೇಲಿನಿಂದ ಮಂತ್ರಘೋಷವೂ ಒಗ್ಗರಣೆಯ ಪರಿಮಳವೂ ಬರುತ್ತಿದ್ದವು. ಸೆಕ್ಯೂರಿಟಿಯವನು ನಾನು ನಿಲ್ಲಿಸಿದ್ದ ಜಾಗದಲ್ಲೇ ವಿನಯದಿಂದ ನಿಂತು ನನ್ನನ್ನು ನೋಡುತ್ತಿದ್ದ. ಕೊನೆಗೆ ಕೈಸನ್ನೆ ಮಾಡಿ ಕರೆದೆ.

“ಮುಟ್ಬಹುದಾ ಸಾರ್?” ಎಂದು ಕೇಳಿದ.

“ಎತ್ಕೊಂಡ್ರೂ ಅಡ್ಡಿಯಿಲ್ಲಪ್ಪ,” ಎಂದೆ.