ಕನ್ನಡಕದವರ ಕಾರು ಪರೀಕ್ಷೆ

ಎಲ್ಲಕ್ಕೂ ಕಾರಣ ಕನ್ನಡಕದವರ ಬಾಯಿ.

ಅವರ ಅಂಗಡಿಯ ಕನ್ನಡಿಯ ಮುಂದೆ ಹೊಸ ಫ್ರೇಮು ಹಾಕಿಕೊಂಡು, ಮೂಗನ್ನು ಆಚೀಚೆ ತಿರುಗಿಸಿ ನೋಡಿಕೊಳ್ಳುತ್ತಿದ್ದ ಎದುರುಮನೆಯ ರಿಟೈರ್ಡ್ ಬಸ್ ಕಂಡಕ್ಟರು ಸುಮ್ಮನೆ ಮಾತಿಗೆ ಒಂದು ಸುದ್ದಿ ಹೇಳಿದ್ದರು.

"ಸಂಗೀತದ ಮೇಡಂ ಶೆಡ್ಡಲ್ಲಿ ಒಂದು ಹಳೇ ಕಾರಿದೆಯಲ್ಲ, ಅದನ್ನ ಮಾರ್ತಾರಂತೆ. ನೋಡೋಕೆ ಹೋದವರೆಲ್ಲ ಗುಜರಿ ಅಂತ ಹೇಳಿ ವಾಪಸ್ ಬರ್ತಿದ್ದಾರೆ."

ಹೌದಾ ಎಂದು ತಲೆಯಾಡಿಸಿ ಕನ್ನಡಕ ಒರೆಸಿ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕನ್ನಡಕದವರು ಇಡೀ ಊರಿನ ಕಣ್ಣು ಪರೀಕ್ಷೆ ಮಾಡಿದವರು. ತಮ್ಮ ಕಣ್ಣಿನ ಬಗ್ಗೆ ಅವರಿಗೆ ಬಹಳ ಅಭಿಮಾನ. ಅದರ ಮೇಲೆ ಹಳೇ ಕಾರು ಎಂದರೆ ಪ್ರಾಣ. ಅವರ ಹತ್ತಿರ ಇದ್ದದ್ದು ಒಂದು ಸ್ಕೂಟರು ಮಾತ್ರ. ಆದರೆ ಹಳೇ ಕಾರುಗಳ ಬಗ್ಗೆ ಓದದ ಪುಸ್ತಕವಿರಲಿಲ್ಲ, ಪರಿಚಯದ ಗ್ಯಾರೇಜುಗಳಲ್ಲಿ ರಜಾದಿನ ಕೂತು ಬಿಚ್ಚದ ನಟ್ಟಿರಲಿಲ್ಲ.

"ಹೋದವರಿಗೆ ನೋಡೋಕೆ ಬರಲಿಲ್ಲ ಅಷ್ಟೆ," ಎಂದರು. "ನಾಳೆ ಅಂಗಡಿಗೆ ರಜ. ನಾನು ಹೋಗ್ತೀನಿ. ಗಾಡಿ ಚೆನ್ನಾಗಿದ್ರೆ ಸಂಜೆ ಹೊತ್ತಿಗೆ ನಮ್ಮ ಬೀದಿಗೆ ಬಂದಿರತ್ತೆ."

ಕಂಡಕ್ಟರು ಆ ಮಾತನ್ನು ಟಿಕೆಟ್ಟಿನ ಹಾಗೆ ಹರಿದು ಹರಿದು ಬೀದಿಗೆಲ್ಲ ಹಂಚಿದರು. ಕನ್ನಡಕದವರು ಅಂಗಡಿ ಮುಚ್ಚಿ ಮನೆಗೆ ಬರುವಷ್ಟರಲ್ಲಿ 'ಚೆನ್ನಾಗಿದ್ರೆ' ಎಂಬ ಮಾತು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

"ಕಾರು ತಗೊಂಡ್ರಂತೆ," ಎಂದರು ಹೆಂಡತಿ. "ಪಕ್ಕದ ಮನೆಯವರು ಯಾವ ಬಣ್ಣ ಅಂತ ಕೇಳಿದ್ರು. ನನಗೆ ಗೊತ್ತಿಲ್ಲ ಅಂದೆ. ನಿಮಗಾದ್ರೂ ಗೊತ್ತಾ?"

ಇನ್ನು ಬರಿಗೈಲಿ ವಾಪಸು ಬರುವ ಹಾಗಿರಲಿಲ್ಲ.

ಬೆಳಿಗ್ಗೆ ಒಬ್ಬರೇ ಹೊರಡಬೇಕೆಂದಿದ್ದರು. ಗೇಟು ತೆಗೆದರೆ ಕಂಡಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೊರಳಿಗೆ ಹಳೇ ವಿಷಲ್ಲು ನೇತುಹಾಕಿಕೊಂಡು ನಿಂತಿದ್ದರು. "ನಾನು ಜೀವಮಾನವೆಲ್ಲ ಗಾಡಿ ಒಳಗೇ ಕಳೆದವನು. ನಾನಿಲ್ಲದೆ ಹೇಗೆ?" ಎಂದರು. ಅವರ ಹಿಂದೆ ಕನ್ನಡಕದವರ ಭಾವಮೈದ. ಅವನು ಮನೆ, ಸೈಟುಗಳ ವ್ಯಾಪಾರ ಕುದುರಿಸುವ ದಲ್ಲಾಳಿ. ಕೊಳ್ಳುವ ಕಡೆ ನಿಂತರೆ ಅರಮನೆಯನ್ನೂ ಹಂದಿಗೂಡು ಎನ್ನಬಲ್ಲವನು.

"ಭಾವ, ಒಂದೇ ಮಾತು," ಎಂದ ಅವನು. "ಚೆನ್ನಾಗಿದೆ ಅಂತ ಮಾತ್ರ ಹೇಳಬೇಡಿ. ಮುಖ ಗಂಟು ಹಾಕ್ಕೊಂಡಿರಿ. ನಾನು ಕೆಮ್ಮಿದ್ರೆ ತಲೆ ಅಲ್ಲಾಡಿಸಿ, ಅಯ್ಯೋ ಅನ್ನಿ. ಉಳಿದದ್ದು ನಾನು ನೋಡ್ಕೋತೀನಿ."

ಸಂಗೀತದ ಮೇಡಂ ಜಗುಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಬೆಳ್ಳಗಾದ ಕೂದಲು, ನೆಟ್ಟಗಿನ ಬೆನ್ನು. ಪಾಠ ಹೇಳುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಮೂವರನ್ನೂ ನೋಡಿ, ಶೆಡ್ಡಿನ ಬೀಗದ ಕೈ, ಕಾರಿನ ಕೀಲಿ ಎರಡನ್ನೂ ಕೊಟ್ಟು, "ನೋಡಿ. ನಿಮಗೇನು ಅನ್ಸತ್ತೋ ಅದನ್ನೇ ಹೇಳಿ," ಎಂದಷ್ಟೇ ಹೇಳಿ ಮತ್ತೆ ಬಟಾಣಿ ಬುಟ್ಟಿಗೆ ಕೈ ಹಾಕಿದರು.

ಶೆಡ್ಡಿನ ಬಾಗಿಲು ಕಿರುಗುಟ್ಟುತ್ತ ತೆರೆಯಿತು. ಒಳಗೆ ಮುರಿದ ಮಂಚ, ಚೀಲಗಳು, ಒಂದು ಏಣಿ, ಅವುಗಳ ನಡುವೆ ಕಂಬಳಿಯಷ್ಟು ದಪ್ಪ ಧೂಳು ಹೊದ್ದು ಕಾರು ಮಲಗಿತ್ತು. ದುಂಡನೆಯ ಎರಡು ಹೆಡ್‌ಲೈಟು, ಉಬ್ಬಿದ ಬಾನೆಟ್ಟು, ಮೆಟ್ಟಿಲಿನಂಥ ಫುಟ್‌ಬೋರ್ಡು. ಕನ್ನಡಕದವರು ಅಂಗೈಯಿಂದ ಒಂದು ಕಡೆ ಒರೆಸಿದರು. ಕಡುಹಸಿರು ಬಣ್ಣ ಕಣ್ಣು ಬಿಟ್ಟಿತು. ಅವರು ಇನ್ನೂ ಅಗಲಕ್ಕೆ ಒರೆಸತೊಡಗಿದರು.

ಭಾವಮೈದ ಕೆಮ್ಮಿದ.

"ಧೂಳು ಜಾಸ್ತಿ ಇದೆ. ನಿನಗಾಗಲ್ಲ, ಹೊರಗೆ ನಿಂತ್ಕೋ," ಎಂದರು ಕನ್ನಡಕದವರು.

ಆಮೇಲೆ ಅವರು ಲೋಕವನ್ನೇ ಮರೆತರು. ಚೀಲದಿಂದ ಟಾರ್ಚು, ಅಯಸ್ಕಾಂತ, ಸ್ಪ್ಯಾನರು ತೆಗೆದು, ಗೋಣಿ ಹಾಸಿ ಕಾರಿನ ಕೆಳಗೆ ತೂರಿದರು. ಬಾಡಿಯುದ್ದಕ್ಕೂ ಅಯಸ್ಕಾಂತ ಆಡಿಸುತ್ತ, ಅದು ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತುಕ್ಕಿನ ತೂತಿಗೆ ಯಾರೋ ಪುಟ್ಟಿ ಮೆತ್ತಿದ್ದಾರೆ ಎಂದು ವಿವರಿಸಿದರು. ಅದು ಎಲ್ಲ ಕಡೆಯೂ ಹಿಡಿಯಿತು. ಬಗ್ಗಿ ನೋಡುತ್ತಿದ್ದ ಕಂಡಕ್ಟರ ವಿಷಲ್ಲನ್ನೂ ಹಿಡಿಯಿತು. ಅವರ ಕೊರಳು ಬಾಗಿಲಿಗೆ ಅಂಟಿಕೊಂಡಿತು. ದಾರ ಬಿಚ್ಚಿ ಅವರನ್ನು ಬಿಡಿಸಬೇಕಾಯಿತು.

"ಅಪ್ಪಟ ತಗಡು," ಎಂದರು ಕನ್ನಡಕದವರು ಹೆಮ್ಮೆಯಿಂದ, ತಾವೇ ಬಡಿದು ಮಾಡಿದವರ ಹಾಗೆ.

ಇಂಜಿನ್ನು ತಿರುಗದ ಹಾಗೆ ಹಿಡಿದುಕೊಂಡುಬಿಟ್ಟಿದೆಯೋ ಎಂಬುದು ಮುಂದಿನ ಪ್ರಶ್ನೆ. ಪ್ಲಗ್ಗು ಬಿಚ್ಚಿ ಒಳಗೆ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಕಾರಿನ ಮುಂಭಾಗದ ತೂತಿಗೆ ಹ್ಯಾಂಡಲ್ಲು ಸಿಕ್ಕಿಸಿ ಮೆಲ್ಲಗೆ ತಿರುವಿದರು. ಮೊದಲು ಜಗ್ಗಲಿಲ್ಲ. ಆಮೇಲೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ, ಒಳಗೆ ಏನೋ ಹೊರಳಿತು. ಕನ್ನಡಕದವರು ಕಣ್ಣು ಮುಚ್ಚಿಕೊಂಡರು. ಏರ್ ಫಿಲ್ಟರಿನಲ್ಲಿ ಇಲಿಯ ಗೂಡು ಸಿಕ್ಕಿತು. ಇಲಿ ಮನೆ ಖಾಲಿ ಮಾಡಿ ಹೋಗಿತ್ತು. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಅದನ್ನು ಬಸಿದು ತಾವು ತಂದಿದ್ದ ಹೊಸದನ್ನು ಹೊಯ್ದರು. ಬ್ರೇಕಿಗೆ ಆಯಿಲ್ ತುಂಬಿ, ಪೆಡಲು ಗಟ್ಟಿಯಾಗುವ ತನಕ ಭಾವಮೈದನಿಂದ ತುಳಿಸಿದರು. ಟೈರಿಗೆ ಗಾಳಿ ಹೊಡೆಸಿದ್ದೂ ಅವನಿಂದಲೇ. ಕೆಮ್ಮಲೂ ಅವನಲ್ಲಿ ಉಸಿರು ಉಳಿದಿರಲಿಲ್ಲ.

ನಂತರ ಕಾರನ್ನು ಬೆಳಕಿಗೆ ತಳ್ಳಬೇಕಿತ್ತು. ಕಂಡಕ್ಟರು ಹಿಂದೆ ನಿಂತು "ರೈಟ್" ಎಂದರು. ಕನ್ನಡಕದವರೂ ಭಾವಮೈದನೂ ತಳ್ಳಿದರು. ಕಾರು ಅಲ್ಲಾಡಲಿಲ್ಲ. ಇನ್ನೊಂದು ಸಲ ರೈಟ್ ಆಯಿತು. ಮೂರನೆಯ ಸಲ ಕಂಡಕ್ಟರೂ ಕೈ ಹಾಕಿದಾಗ ಗಾಲಿಗೆ ಕಚ್ಚಿಕೊಂಡಿದ್ದ ಬ್ರೇಕು ಢಬ್ಬೆಂದು ಬಿಟ್ಟುಕೊಂಡಿತು. ಭಾವಮೈದ ಮುಗ್ಗರಿಸಿ ಚೀಲಗಳ ಮೇಲೆ ಬಿದ್ದ. ಕಾರು ಯಾರಿಗೂ ಕಾಯದೆ ಶೆಡ್ಡಿನಿಂದ ಹೊರಟು ಅಂಗಳದ ಇಳಿಜಾರಿನಲ್ಲಿ ಓಡತೊಡಗಿತು.

"ಹೋಲ್ಡಾನ್, ಹೋಲ್ಡಾನ್," ಎಂದು ಕಂಡಕ್ಟರು ಕೂಗಿಕೊಂಡರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಮಾತಿಗೆ ಗಾಡಿ ನಿಲ್ಲಲಿಲ್ಲ. ಅದು ಬಟ್ಟೆ ಒಣಹಾಕಿದ ಹಗ್ಗಕ್ಕೆ ನುಗ್ಗಿ, ಒಂದು ಬಿಳಿ ಬೆಡ್‌ಶೀಟನ್ನು ಮೈಮೇಲೆ ಎಳೆದುಕೊಂಡು, ಹೂಕುಂಡಗಳ ಸಾಲಿನ ಕಡೆಗೆ ಹೊರಟಿತು. ಪಕ್ಕದಲ್ಲೇ ಓಡಿದ ಕನ್ನಡಕದವರು ಕಿಟಕಿಯೊಳಗೆ ಅರ್ಧ ಮೈ ತೂರಿಸಿ, ಕಾಲು ಗಾಳಿಯಲ್ಲಿ ಆಡಿಸುತ್ತ, ಹ್ಯಾಂಡ್‌ಬ್ರೇಕು ಎಳೆದರು. ಕಾರು ಕುಂಡಕ್ಕೆ ಮುತ್ತಿಡುವಷ್ಟು ಹತ್ತಿರ ಹೋಗಿ ನಿಂತಿತು.

ಕಿಟಕಿಯಿಂದ ಇನ್ನೂ ನೇತಾಡುತ್ತಲೇ ಅವರು ಹೇಳಿದರು: "ನೋಡಿದ್ರಾ ಮೇಡಂ, ಹ್ಯಾಂಡ್‌ಬ್ರೇಕು ಎಷ್ಟು ಚೆನ್ನಾಗಿ ಹಿಡಿಯತ್ತೆ."

ಭಾವಮೈದ ಚೀಲಗಳ ನಡುವಿನಿಂದ ನರಳಿದ. ಮೇಡಂ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದ್ದರು.

ಕನ್ನಡಕದವರು ತಾವು ತಂದಿದ್ದ ಹೊಸ ಬ್ಯಾಟರಿಯ ತಂತಿ ಜೋಡಿಸುತ್ತಿದ್ದಂತೆ ಹಾರ್ನು ಬಡಿದುಕೊಳ್ಳಲು ಶುರುಮಾಡಿತು. ಒತ್ತಿದವರು ಯಾರೂ ಇಲ್ಲ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಒಂದೇ ಸಲ ಬಡ್ಡಿ ಸಮೇತ ತೀರಿಸಿಕೊಳ್ಳುವ ಹಾಗೆ ಅದು ಅರಚಿತು. ತಂತಿ ಹುಡುಕಿ ಕೀಳುವಷ್ಟರಲ್ಲಿ ಆ ಬೀದಿಯ ಅರ್ಧ ಜನ ಅಂಗಳದಲ್ಲಿದ್ದರು. ಜನ ಬಂದ ಮೇಲೆ ಅಭಿಪ್ರಾಯಗಳೂ ಬಂದವು.

"ಇದನ್ನ ಕಾರು ಅಂತಾರಾ?" ಎಂದರು ಔಷಧಿ ಅಂಗಡಿಯವರು. "ಬಾಗಿಲು ಕಿತ್ತು ಕೋಳಿ ಸಾಕಬಹುದು."

"ಕೋಳೀನೂ ಒಪ್ಪಲ್ಲ," ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು.

ಭಾವಮೈದನ ಮುಖ ಅರಳಿತು. ಖರ್ಚಿಲ್ಲದೆ ಕೆಲಸವಾಗುತ್ತಿತ್ತು. ಅವನು ಬಂದು ಭಾವನ ಮೊಣಕೈ ಚಿವುಟಿ, "ಈಗ ಅಯ್ಯೋ ಅನ್ನಿ," ಎಂದು ಪಿಸುಗುಟ್ಟಿದ. "ಒಂದೇ ಒಂದು ಅಯ್ಯೋ. ಪುಕ್ಕಟೆ ಕೊಟ್ಟು ಕೈ ಮುಗೀತಾರೆ."

ಕನ್ನಡಕದವರು ಬಾಯಿ ತೆರೆದರು. ಅಯ್ಯೋ ಬರಲಿಲ್ಲ. ಬೆಳಿಗ್ಗೆಯಿಂದ ಆ ಕಾರಿನ ಹೊಟ್ಟೆಯ ಕೆಳಗೆ ಮಲಗಿ ಎದ್ದವರು ಅವರು. ಮೈಯೆಲ್ಲ ಗ್ರೀಸು, ಕೂದಲಲ್ಲಿ ಜೇಡರ ಬಲೆ, ಮೂಗಿನ ತುದಿಗೆ ಎಣ್ಣೆ. ಕಂಡದ್ದನ್ನು ಕಂಡಿಲ್ಲ ಎನ್ನಲು ಅವರ ನಾಲಿಗೆ ಏಳಲಿಲ್ಲ. ಅವರು ಫುಟ್‌ಬೋರ್ಡಿನ ಮೇಲೆ ಹತ್ತಿ ನಿಂತರು.

"ಕೋಳಿ ಅಂದವರು ಯಾರು? ಇಲ್ಲಿ ಬನ್ನಿ. ಈ ಚಾಸಿ ಮುಟ್ಟಿ ನೋಡಿ, ಎಲ್ಲಾದ್ರೂ ತುಕ್ಕು ತಿಂದಿದ್ಯಾ? ಇಂಜಿನ್ನಿನ ಒಂದು ಬೋಲ್ಟನ್ನೂ ಯಾರೂ ಕೆಡಿಸಿಲ್ಲ. ಕಾರ್ಖಾನೆ ಬಿಟ್ಟಾಗ ಇದ್ದ ಬಣ್ಣ ಇದು. ತಪ್ಪು ಇಲ್ಲ ಅಂತಲ್ಲ. ಮುಂದಿನ ಎಡಗಡೆ ಸೀಟಿನ ಸ್ಪ್ರಿಂಗು ಎದ್ದಿದೆ, ವೈರು ಹಳೇದಾಗಿದೆ, ಆಯಿಲ್ ಬದಲಾಯಿಸ್ಬೇಕು. ಅಷ್ಟೆ. ಇಂಥ ಗಾಡಿ ಹುಡುಕಿಕೊಂಡು ಹೋದ್ರೂ ಸಿಗಲ್ಲ. ಇದನ್ನ ಇಷ್ಟು ಜೋಪಾನವಾಗಿ ಓಡಿಸಿದವರು ಯಾರೋ ಗೊತ್ತಿಲ್ಲ, ಅವರಿಗೆ ಒಂದು ನಮಸ್ಕಾರ."

ಭಾವಮೈದ ಹೋಗಿ ಬಾವಿಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತ.

ಕನ್ನಡಕದವರು ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಸೀನಿತು, ನಡುಗಿತು, ಒಂದು ದೊಡ್ಡ ಕರೀ ಮೋಡ ಬಿಟ್ಟಿತು. ಔಷಧಿ ಅಂಗಡಿಯವರು ಅದರಲ್ಲಿ ಪೂರ್ತಿ ಮಾಯವಾದರು. ಮೋಡ ತಿಳಿಯಾಗುವಾಗ ಇಂಜಿನ್ನು ಓಡುತ್ತಿತ್ತು, ಆದರೆ ಕುಂಟುತ್ತ.

"ಒಂದು ಸ್ವರ ಬಿಟ್ಟುಹೋಗ್ತಿದೆ," ಎಂದರು ಜಗುಲಿಯ ಮೇಲಿಂದ ಮೇಡಂ.

ಸಂಗೀತದವರಿಗೆ ಎಲ್ಲವೂ ಸ್ವರವೇ ಎಂದುಕೊಂಡು ಕನ್ನಡಕದವರು ಪ್ರೀತಿಯಿಂದ ನಕ್ಕು, ಬಾನೆಟ್ಟಿನೊಳಗೆ ಬಗ್ಗಿದರು. ಒಂದು ಪ್ಲಗ್ಗಿನ ವೈರು ಸಡಿಲವಾಗಿತ್ತು. ಒತ್ತಿ ಕೂರಿಸಿದರು. ಕುಂಟು ನಿಂತಿತು. ಇಂಜಿನ್ನು ತುಂಬು ಹೊಟ್ಟೆಯ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ಕನ್ನಡಕದವರು ಸೊಂಟದ ಮೇಲೆ ಕೈಯಿಟ್ಟು ಜನರ ಕಡೆ ತಿರುಗಿದರು. ಜನ ಚಪ್ಪಾಳೆ ತಟ್ಟಿದರು. ಆ ದಿನ ಅವರಿಗೆ ಯಾರಾದರೂ ರಾಜ್ಯ ಕೊಡುತ್ತೇನೆಂದು ಬಂದಿದ್ದರೂ ಆಮೇಲೆ ಬಾ ಎನ್ನುತ್ತಿದ್ದರು.

ಕೈ ತೊಳೆದುಕೊಂಡು ವ್ಯಾಪಾರದ ಮಾತಿಗೆ ಬರುವಷ್ಟರಲ್ಲಿ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗುಲಿ ಇಳಿದು ಬಂದಿದ್ದರು.

"ಒಂದು ಸುತ್ತು ಹೋಗಿ ಬರಲಾ?" ಎಂದು ಕೇಳಿದರು.

ಕನ್ನಡಕದವರ ಮನಸ್ಸು ಕರಗಿತು. ಯಜಮಾನರು ಓಡಿಸುತ್ತಿದ್ದ ಗಾಡಿ, ಕೊನೆಯ ಸಲ ಕೂತು ಬರುವ ಆಸೆ ಇರಬೇಕು. "ಅದಕ್ಕೇನಂತೆ ಮೇಡಂ, ನಾನೇ ಕರ್ಕೊಂಡು ಹೋಗ್ತೀನಿ," ಎಂದು ಹಿಂದಿನ ಬಾಗಿಲು ತೆರೆದು ಹಿಡಿದರು.

ಮೇಡಂ ಆ ಬಾಗಿಲನ್ನು ಮೃದುವಾಗಿ ಮುಚ್ಚಿದರು. ಸುತ್ತಿ ಬಂದು, ಎದ್ದ ಸ್ಪ್ರಿಂಗಿನ ಸೀಟನ್ನು ಬಿಟ್ಟು ಸ್ಟೇರಿಂಗಿನ ಮುಂದೆ ಕೂತರು. ಕನ್ನಡಿ ಸರಿ ಮಾಡಿಕೊಂಡರು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೇರು ಬಿತ್ತು. ಕಾರಿನ ನೆತ್ತಿಯ ಮೇಲೆ ಉಳಿದಿದ್ದ ಬೆಡ್‌ಶೀಟು ಜಾರಿ ಕೆಳಗೆ ಬಿದ್ದಿತು. ಕಾರು ಗೇಟಿನಲ್ಲಿ ಎರಡೂ ಕಡೆ ಅಂಗೈಯಗಲ ಜಾಗ ಬಿಟ್ಟು, ಹಿಮ್ಮುಖವಾಗಿ, ಒಂದೇ ಏಟಿಗೆ ರಸ್ತೆಗಿಳಿದು ಹೊರಟುಹೋಯಿತು.

"ರೈಟ್," ಎಂದರು ಕಂಡಕ್ಟರು ಮೆಲ್ಲಗೆ, ಖಾಲಿ ಗೇಟಿಗೆ.

ಮೇಡಂ ಅವರ ಪಕ್ಕದ ಮನೆಯ ಅಜ್ಜಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. "ಅವಳ ಕಾರು, ಅವಳು ಓಡಿಸದೆ?" ಎಂದರು. "ಅವಳ ಗಂಡನಿಗೆ ಸೈಕಲ್ಲೂ ಬರ್ತಿರಲಿಲ್ಲ. ಊರೂರಿನ ಶಾಲೆಗೆ ಪಾಠಕ್ಕೆ ಇದರಲ್ಲೇ ಹೋಗ್ತಿದ್ಲು. ಯಾವನೋ ಗ್ಯಾರೇಜಿನವನು ಇನ್ನು ಇದು ಏಳಲ್ಲ ಅಂದ ಮೇಲೆ ಬೀಗ ಹಾಕಿದ್ದು."

ಮೇಡಂ ವಾಪಸು ಬಂದಾಗ ಕೆನ್ನೆ ಕೆಂಪಾಗಿತ್ತು, ಕೂದಲು ಗಾಳಿಗೆ ಕೆದರಿತ್ತು. ಇಂಜಿನ್ನು ಆರಿಸದೆಯೇ ಕಿಟಕಿಯಿಂದ ತಲೆ ಹಾಕಿದರು.

"ನಾನು ಮಾರಲ್ಲ," ಎಂದರು. "ಬಂದವರೆಲ್ಲ ಗುಜರಿ ಅಂದ್ರು. ನಾನೂ ನಂಬಿಬಿಟ್ಟಿದ್ದೆ. ನೀವೊಬ್ಬರೇ ಸರಿಯಾಗಿ ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿದ್ರಿ. ಇಂಥ ಗಾಡಿ ಹುಡುಕಿದ್ರೂ ಸಿಗಲ್ಲ ಅಂದ ಮೇಲೆ ಯಾಕೆ ಮಾರಲಿ?"

ಬಾವಿಕಟ್ಟೆಯ ಮೇಲೆ ಭಾವಮೈದನಿಗೆ ನಿಜವಾದ ಕೆಮ್ಮು ಬಂತು.

ಕನ್ನಡಕದವರು ಏನೋ ಹೇಳಹೊರಟರು. ಬ್ಯಾಟರಿ ನನ್ನದು ಎಂದೋ, ಪೆಟ್ರೋಲು ನನ್ನದು ಎಂದೋ. ಆದರೆ ಅಷ್ಟು ಜನರೆದುರು ಅಷ್ಟು ದೊಡ್ಡದಾಗಿ ಹೊಗಳಿಸಿಕೊಂಡ ಮೇಲೆ ಅಂಥ ಮಾತು ಆಡುವುದು ಹೇಗೆ? "ನಾನು ಹೇಳಿದ್ದು ಸುಳ್ಳಾಗಲ್ಲ ಮೇಡಂ," ಎಂದರು.

"ಬನ್ನಿ, ಮನೆಗೆ ಬಿಡ್ತೀನಿ. ಹಿಂದೆ ಕೂತ್ಕೊಳ್ಳಿ, ಮುಂದೆ ಸ್ಪ್ರಿಂಗು ಚುಚ್ಚತ್ತೆ."

ಕಂಡಕ್ಟರೂ ಭಾವಮೈದನೂ ಕನ್ನಡಕದವರ ಸ್ಕೂಟರಿನಲ್ಲಿ ಹಿಂದೆ ಬಂದರು. ಕಡುಹಸಿರು ಕಾರು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಮನೆಮನೆಯ ಬಾಗಿಲಲ್ಲೂ ಜನ. ಹಿಂದಿನ ಸೀಟಿನಲ್ಲಿ ಒಬ್ಬರೇ, ಮುಖದ ತುಂಬ ಗ್ರೀಸು ಮೆತ್ತಿಕೊಂಡು, ಕನ್ನಡಕದವರು ಸಿಂಹಾಸನದಲ್ಲಿ ಕೂತ ಹಾಗೆ ಕೂತಿದ್ದರು. "ಅಬ್ಬಾ, ಓಡಿಸೋಕೂ ಒಬ್ಬರನ್ನ ಇಟ್ಕೊಂಡಿದ್ದಾರಲ್ಲಪ್ಪ," ಎಂದು ಯಾರೋ ಹೇಳಿದ್ದು ಅವರ ಕಿವಿಗೆ ಬಿತ್ತು. ಅವರು ಕಿಟಕಿಯಿಂದ ಕೈ ಹೊರಹಾಕಿ ನಿಧಾನವಾಗಿ ಬೀಸಿದರು.

ಗೇಟಿನ ಮುಂದೆ ಇಳಿದು ಬಾಗಿಲು ಹಾಕಿದರು. ಅದು ಬ್ಯಾಂಕಿನ ತಿಜೋರಿಯ ಬಾಗಿಲಿನಂತೆ ಗಟ್ಟಿಯಾಗಿ ಕೂತಿತು.

"ಮುಂದಿನ ರಜಾದಿನ ಬೇಗ ಬಂದ್ಬಿಡಿ," ಎಂದರು ಮೇಡಂ. "ಆಯಿಲ್ ಬದಲಾಯಿಸ್ಬೇಕು ಅಂದ್ರಲ್ಲ. ಬರ್ತಾ ಆಯಿಲೂ ತಗೊಂಡು ಬನ್ನಿ. ಯಾವುದು ಒಳ್ಳೇದು ಅಂತ ನಿಮಗೇ ಗೊತ್ತು."

"ಬರ್ತೀನಿ ಮೇಡಂ," ಎಂದರು ಕನ್ನಡಕದವರು, ಬೀದಿಗೆಲ್ಲ ಕೇಳುವಂತೆ.

ಕಾರು ಗುರುಗುಟ್ಟುತ್ತ ಮುಂದೆ ಸರಿಯಿತು. ಹೆಂಡತಿ ಗೇಟಿನ ಹತ್ತಿರ ಬಂದು, ಅದು ದೂರವಾಗುವುದನ್ನೇ ನೋಡಿದರು.

"ಎಲ್ಲಿಗೆ ಹೋಗ್ತಿದೆ ಅದು?"

"ಅದರ ಮನೆಗೆ," ಎಂದರು ಕನ್ನಡಕದವರು, ಎದೆಯುಬ್ಬಿಸಿಕೊಂಡು.